ಕಿವಿಯಣ್ಣ ಪಾಸು ಮಾಡಿದ ಕಾರು

ನನ್ನ ಗಂಡನಿಗೆ ಕಾರಿನ ಮೇಲೆ ಸಿಟ್ಟು ಬಂದರೆ ಅದನ್ನು ಅನುಭವಿಸುವವಳು ನಾನು. ಕಾರಿಗೇನು, ಗೇಟು ದಾಟಿ ಯಾರದೋ ಮನೆ ಸೇರಿಕೊಳ್ಳುತ್ತದೆ. ಇವರು ಮಾತ್ರ ಮುಖ ಗಂಟಿಕ್ಕಿಕೊಂಡು ನನ್ನ ಮನೆಗೇ ಬರುತ್ತಾರೆ. ಬೂಟು ಬಿಚ್ಚುವ ಮೊದಲೇ ಶುರು. "ಇವತ್ತೂ ಅದೇ ಗೋಳು ಕಣೇ. ಕಾಲು ಒತ್ತಿದರೆ ಮೊದಲು ಏನೂ ಇಲ್ಲ. ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ!"

ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇವೆ. ವೇಗದ ಕಾರುಗಳನ್ನು ಮಾಡುವ ಕಾರ್ಖಾನೆ ಅದು. ನಾನು ಸೀಟಿಗೆ ಚರ್ಮ ಹೊಲಿಯುವವಳು. ಇವರದು ಕೊನೆಯ ಓಟ. ಅಂದರೆ, ಎಲ್ಲರ ಕೈಕೆಲಸ ಮುಗಿದು, ನಿಂತಲ್ಲೇ ಕಂಪ್ಯೂಟರಿನ ತಪಾಸಣೆಯೂ ಆದ ಮೇಲೆ, ಪ್ರತಿ ಕಾರನ್ನೂ ಹಿಂದಿನ ಮೈದಾನದ ಸುತ್ತುರಸ್ತೆಯಲ್ಲಿ ಜೋರಾಗಿ ಓಡಿಸಿ ನೋಡುವುದು. ಇವರು ಪಾಸು ಎಂದರೆ ಕಾರು ಹೊರಗೆ, ಇಲ್ಲ ಎಂದರೆ ಮತ್ತೆ ಒಳಗೆ. ಓಡಿಸುವಾಗ ಇವರು ಮುಂದಿನ ಮೀಟರಿನ ಮುಳ್ಳು, ದೀಪ ಯಾವುದನ್ನೂ ನೋಡುವುದಿಲ್ಲ. ಹೊಲಿದು ಮಿಕ್ಕ ಚರ್ಮದ ಒಂದು ತುಂಡನ್ನು ನನ್ನಿಂದಲೇ ಇಸಿದುಕೊಂಡು ಹೋಗಿ, ಅದನ್ನು ಮುಳ್ಳುಗಳ ಮೇಲೆ ಹೊದಿಸಿಬಿಡುತ್ತಾರೆ. ಕಣ್ಣು ಮುಳ್ಳಿನ ಮೇಲಿದ್ದರೆ ಕಿವಿ ಸೋಮಾರಿಯಾಗುತ್ತದಂತೆ. ಮೈಯೆಲ್ಲ ಕಿವಿಯಾಗಿ ಕೂರುತ್ತಾರೆ. ಅದಕ್ಕೇ ಕಾರ್ಖಾನೆಯವರೆಲ್ಲ ಇವರನ್ನು ಕಿವಿಯಣ್ಣ ಎನ್ನುವುದು. ಮನೆಯಲ್ಲಿ ಗ್ಯಾಸು ಮುಗಿದಿದೆ ಎಂದರೆ ಮಾತ್ರ ಆ ಕಿವಿಗೆ ಕೇಳಿಸುವುದಿಲ್ಲ.

ಮೊದಲಿನ ಎಂಜಿನ್ನುಗಳು ತಾವೇ ಉಸಿರೆಳೆದುಕೊಳ್ಳುತ್ತಿದ್ದವು. ಕಾಲು ಎಷ್ಟು ಒತ್ತಿದರೆ ಅಷ್ಟು, ಒತ್ತಿದ ಆ ಕ್ಷಣಕ್ಕೇ. ಇವರು ಸುತ್ತು ಹಾಕುವ ಹೊತ್ತಿಗೆ ನಮ್ಮ ಹೊಲಿಗೆ ಮನೆಯ ಕಿಟಕಿಗೆ ಆ ದನಿ ಬರುತ್ತಿತ್ತು. ತಗ್ಗಿನಿಂದ ಹತ್ತುತ್ತ ಹತ್ತುತ್ತ ಹೋಗಿ, ಇನ್ನೇನು ಒಡೆಯುತ್ತದೆ ಅನ್ನುವಾಗ ಇವರು ಗೇರು ಬದಲಿಸುತ್ತಿದ್ದರು. ನನಗೆ ಎಂಜಿನ್ನಿನ ಗಂಧಗಾಳಿ ಗೊತ್ತಿಲ್ಲ. ಆದರೂ ಹೊಲಿಗೆ ಯಂತ್ರ ನಿಲ್ಲಿಸಿ ಕೇಳುತ್ತಿದ್ದೆ.

ಆಮೇಲೆ ಟರ್ಬೊ ಬಂತು. ಎಂಜಿನ್ನು ಬಿಟ್ಟ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಅದೇ ಎಂಜಿನ್ನಿನ ಬಾಯಿಗೆ ಗಾಳಿ ತುರುಕುವ ಸಾಧನ. ಎಂಜಿನ್ನು ಚಿಕ್ಕದಾಯಿತು, ಎಣ್ಣೆ ಕಡಿಮೆ ಸಾಕಾಯಿತು, ವೇಗ ಮೊದಲಿಗಿಂತ ಹೆಚ್ಚಾಯಿತು. ಎಲ್ಲರಿಗೂ ಖುಷಿ, ಇವರೊಬ್ಬರನ್ನು ಬಿಟ್ಟು. ಆ ಚಕ್ರ ಗಾಳಿ ತುಂಬಿಕೊಳ್ಳುವ ತನಕ ಕಾಯಬೇಕು, ಆಮೇಲೆ ಬೇಡವೆಂದರೂ ತಳ್ಳಿಸಿಕೊಳ್ಳಬೇಕು. ದನಿಯೂ ಕಟ್ಟಿಹೋಯಿತು. ಅದಕ್ಕೆ ಕಂಪನಿಯವರು ಕಾರಿನೊಳಗೆ ಸ್ಪೀಕರ್ ಇಟ್ಟು ಹಳೆಯ ಎಂಜಿನ್ನಿನ ಸದ್ದು ಹಾಕಿಸಿದರು. ಅವತ್ತು ಇವರು ಊಟ ಬಿಟ್ಟರು. "ಹೆಣದ ಬಾಯಿಗೆ ಹಾಡು ಹಾಕಿದ್ದಾರೆ ಕಣೇ" ಎಂದು ನನ್ನ ಮೇಲೆ ಕೂಗಾಡಿದರು, ಸ್ಪೀಕರು ನಾನೇ ಇಟ್ಟೆನೇನೋ ಎಂಬಂತೆ.

ಮಗಳು ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟಳು. "ಅಪ್ಪಾ, ಹೋಗಬೇಕಾದ ಕಡೆ ಬೇಗ ಹೋಗುತ್ತೆ ತಾನೇ? ಇನ್ನೇನು ಬೇಕು?"

"ಬೇಗ ಹೋಗೋಕೆ ರೈಲಿದೆ" ಎಂದು ಇವರು ಎದ್ದು ಹೋದರು.

ಆದರೂ ಕೆಲಸ ಬಿಡಲಿಲ್ಲ. ಬಿಟ್ಟು ಮಾಡುವುದೇನು? ಆ ಕೊನೆಯ ಓಟದ ಸೀಟೊಂದೇ ಇವರ ಆಸ್ತಿ. ಅದನ್ನು ಬಿಟ್ಟರೆ ಮನೆಯಲ್ಲಿ ಕೂತು ನನ್ನ ಮಿಕ್ಸಿಯ ಸದ್ದಿಗೆ ತಪ್ಪು ಹುಡುಕಬೇಕು. ಹಾಗಾಗಿ ಹಲ್ಲು ಕಚ್ಚಿಕೊಂಡು ಓಡಿಸಿದರು, ಪಾಸು ಮಾಡಿದರು. ಮೇಲಿನವರ ಬೆನ್ನು ಮಾತ್ರ ಬಿಡಲಿಲ್ಲ. ಆ ಒದೆತ ಕಡಿಮೆ ಮಾಡಿ, ಶಕ್ತಿ ಸ್ವಲ್ಪ ಹೋದರೂ ಚಿಂತೆಯಿಲ್ಲ, ಕಾಲಿಗೂ ಎಂಜಿನ್ನಿಗೂ ಮಾತು ಉಳಿಯಲಿ ಎಂದು ಸಭೆ ಸಭೆಯಲ್ಲೂ ಹೇಳಿದರು. ತಪಾಸಣಾ ವಿಭಾಗದ ಮೇಡಂ ಒಳ್ಳೆಯವಳೇ, ನಮ್ಮ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. "ನೋಡೋಣ ಅಣ್ಣ" ಎನ್ನುತ್ತಿದ್ದಳು. ನೋಡೋಣ ಎಂದರೆ ನೋಡುವುದಿಲ್ಲ ಎಂದು ನನಗೆ ಅರ್ಥವಾಗುತ್ತಿತ್ತು. ಇವರಿಗೆ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಇವರು ಹೊಲಿಗೆ ಮನೆಗೇ ಓಡಿಬಂದರು. ಓಡಿಬಂದ ರೀತಿಗೆ ಯಾರಿಗೋ ಏನೋ ಆಯಿತೆಂದು ಎದ್ದು ನಿಂತೆ. ನೋಡಿದರೆ ನಗುತ್ತಿದ್ದಾರೆ! "ಬಾ, ಬಾ, ಸೀಟು ಕಿರುಗುಟ್ಟುತ್ತಾ ನೋಡು ಬಾ" ಎಂದರು. ಹೊಲಿಗೆ ಪರೀಕ್ಷೆಗೆಂದು ನಮ್ಮವರು ಆಗಾಗ ಕಾರಿನಲ್ಲಿ ಕೂರುವುದುಂಟು. ನಾನು ಕತ್ತರಿ ಕೆಳಗಿಟ್ಟು ಹೋದೆ.

ನೀಲಿ ಬಣ್ಣದ ಹೊಸ ಕಾರು. ಇವರು ಸ್ಪೀಕರ್ ಆರಿಸಿದ್ದರು, ಕಿಟಕಿ ಇಳಿಸಿದ್ದರು. ಮುಳ್ಳುಗಳ ಮೇಲೆ ಚರ್ಮದ ತುಂಡು ಎಂದಿನಂತೆ ಮಲಗಿತ್ತು. ಕಾಲು ಒತ್ತಿದರು. ಪ್ರತಿ ಸಲ ಕುತ್ತಿಗೆ ಹಿಂದಕ್ಕೆ ಎಗರುತ್ತಿತ್ತಲ್ಲ, ಅದು ಎಗರಲಿಲ್ಲ. ಕಾರು ನಿಧಾನವಾಗಿಯೇ ವೇಗ ಕೂಡಿಸಿಕೊಂಡಿತು, ಆದರೆ ಎಲ್ಲಿಯೂ ತಡವರಿಸಲಿಲ್ಲ. ಇವರು ಕಾಲು ಕೊಂಚ ಸಡಿಲಿಸಿದರೆ ಅದೂ ಕೊಂಚ ಸಡಿಲಿಸಿತು, ಮತ್ತೆ ಒತ್ತಿದರೆ ಮತ್ತೆ ಏರಿತು. ತಿರುವಿನಲ್ಲಿ ಇವರು ಏನನ್ನೋ ಗುನುಗುತ್ತಿದ್ದರು. ಎಷ್ಟೋ ವರ್ಷಗಳಿಂದ ನಾನು ನೋಡದ ಮನುಷ್ಯ ನನ್ನ ಪಕ್ಕದಲ್ಲಿ ಕೂತಿದ್ದ.

"ಕೊನೆಗೂ ನನ್ನ ಮಾತು ಕೇಳಿದ್ದಾರೆ ಕಣೇ" ಎಂದರು. "ನನಗೆ ಹೇಳದೆ ಒಂದು ಕಾರಿಗೆ ಮಾಡಿ ನೋಡ್ತಿದ್ದಾರೆ. ಆ ಮೇಡಂ ಹುಡುಗಿ ಘಾಟಿ. ಗೊತ್ತಾಗುತ್ತೋ ಇಲ್ಲವೋ ಅಂತ ನನ್ನನ್ನೇ ಪರೀಕ್ಷೆ ಮಾಡ್ತಿದ್ದಾಳೆ."

"ಹೋಗಿ ಕೇಳಬಾರದಾ ಮತ್ತೆ?"

"ಕೇಳಿದರೆ ಮಜಾ ಏನಿದೆ? ಅವಳೇ ಹೇಳಲಿ."

ಪಾಸು ಮಾಡಿದರು. ಅವತ್ತು ಮನೆಗೆ ಬರುವಾಗ ಹೂವಿನ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದರೆಂದರೆ ನಂಬುತ್ತೀರಾ? ನಾನೇ ನಂಬಲಿಲ್ಲ. ಸ್ಕೂಟರ್ ಕೆಟ್ಟಿತೇ ಎಂದು ಕೇಳಿದೆ.

ಆ ನೀಲಿ ಕಾರನ್ನು ಕೊಂಡವರು ಒಬ್ಬ ದಂತವೈದ್ಯರು. ವಾರ ಕಳೆಯುವ ಮೊದಲೇ ಕಾರನ್ನು ಗೇಟಿನ ಮುಂದೆ ತಂದು ನಿಲ್ಲಿಸಿ ರಂಪ ಎಬ್ಬಿಸಿದರು. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕಲು ಹೋದರೆ ಕಾರು ಮೇಲೇಳಲೇ ಇಲ್ಲವಂತೆ, ಮುಂದೆ ಹಳದಿ ದೀಪ ಬೇರೆ ಹೊತ್ತಿಕೊಂಡಿತಂತೆ. ಒಳಗೆ ತೆಗೆದುಕೊಂಡು ಹೋಗಿ ಬಾನೆಟ್ ಎತ್ತಿ ನೋಡಿದರೆ, ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ ಕ್ಲಿಪ್ಪು ಬಿಗಿಯಾಗಿರಲಿಲ್ಲ. ಕೊಳವೆ ಕಳಚಿಕೊಂಡಿತ್ತು. ಟರ್ಬೊ ಒತ್ತಿದ ಗಾಳಿಯೆಲ್ಲ ಹೊರಗೇ ಹೋಗಿ, ಎಂಜಿನ್ನು ಪಾಪ ತನ್ನ ಉಸಿರನ್ನು ತಾನೇ ಎಳೆದುಕೊಂಡು ಓಡುತ್ತಿತ್ತು.

ಯಾರೂ ಇವರ ಮಾತು ಕೇಳಿರಲಿಲ್ಲ. ಇಷ್ಟು ವರ್ಷ ಇವರು ಗಂಟಲು ಹರಿದುಕೊಂಡು ಕೇಳಿದ್ದನ್ನು ಒಂದು ಸಡಿಲ ಕ್ಲಿಪ್ಪು ಮಾಡಿಕೊಟ್ಟಿತ್ತು. ಜೋರಾಗಿ ಓಡಿಸಿದಾಗ ಮಾತ್ರ ಹೊತ್ತುವ ಆ ಹಳದಿ ದೀಪ ಇವರ ಸುತ್ತಿನಲ್ಲೂ ಹೊತ್ತಿರಲೇಬೇಕು, ಚರ್ಮದ ಅಡಿಯಲ್ಲಿ. ಸುದ್ದಿ ಹೊಲಿಗೆ ಮನೆಗೆ ಬಂದಾಗ ಯಾರೋ ಕಿಸಕ್ಕನೆ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರನೆಯ ದಿನ ವಿಚಾರಣೆ. ಬೆಳಿಗ್ಗೆ ನಾನು ಇವರ ಕೈ ಹಿಡಿದುಕೊಂಡು ಹೇಳಿದೆ. "ನೋಡಿ, ಗೊತ್ತಾಗಲಿಲ್ಲ ಅಂದುಬಿಡಿ. ತಲೆನೋವಿತ್ತು, ಗಮನ ಇರಲಿಲ್ಲ ಅನ್ನಿ. ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ, ಸೀಟು ಉಳಿಯುತ್ತೆ." ಇವರು ಕೈ ಬಿಡಿಸಿಕೊಂಡು ಬೂಟು ಹಾಕಿಕೊಂಡರು. ಒಪ್ಪಿದರು ಎಂದುಕೊಂಡೆ.

ಒಳಗೆ ನಡೆದದ್ದನ್ನು ನನಗೆ ಹೇಳಿದ್ದು ಆ ಮೇಡಮ್ಮೇ. ಇವರನ್ನು ಉಳಿಸಿಕೊಳ್ಳುವ ಮನಸ್ಸು ಅವಳಿಗೂ ಇತ್ತು. "ಗಮನಿಸಲಿಲ್ಲ ಅಂತ ಬರೀಲಾ ಅಣ್ಣ?" ಎಂದು ತಾನೇ ದಾರಿ ತೋರಿಸಿದ್ದಾಳೆ.

"ಗಮನಿಸಿದೆ ಮೇಡಂ. ಒದೆತ ಇಲ್ಲ ಅಂತ ಮೊದಲ ತಿರುವಿನಲ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಪಾಸು ಮಾಡಿದಿರಿ?"

"ನೀವು ಬೇಕಂತಲೇ ಹಾಗೆ ಮಾಡಿಸಿದ್ದೀರಿ ಅಂದುಕೊಂಡೆ. ನನ್ನ ಮಾತು ಕೇಳಿ."

ಅದಕ್ಕೆ ಅವಳು, "ಅಣ್ಣ, ಹಾಗೆ ಬರೆದರೆ ನಿಮ್ಮನ್ನ ಆ ಸೀಟಿನಲ್ಲಿ ಕೂರಿಸೋಕೆ ಆಗಲ್ಲ. ಕೆಟ್ಟ ಕಾರು ಇಷ್ಟಪಡೋರನ್ನ ತಪಾಸಣೆಗೆ ಹೇಗೆ ಇಡಲಿ?" ಎಂದಿದ್ದಾಳೆ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಅದೇ ನನ್ನ ಹೊಟ್ಟೆ ಉರಿಸುವುದು. ತಪ್ಪಿದ್ದಿದ್ದರೆ ನಾನೇ ಹೋಗಿ ಅವಳ ಜನ್ಮ ಜಾಲಾಡುತ್ತಿದ್ದೆ.

"ಹಾಗೇ ಬರೀರಿ" ಎಂದು ಇವರು ಎದ್ದು ಬಂದರಂತೆ.

ಈಗ ಇವರಿಗೆ ಅಂಗಳದ ಕೆಲಸ. ತಯಾರಾದ ಕಾರುಗಳನ್ನು ಸಾಲಾಗಿ ನಿಲ್ಲಿಸುವುದು. ನಡೆಯುವವರು ಹಿಂದೆ ಹಾಕಬಹುದಾದ ವೇಗ.

ವಿಚಾರಣೆಯ ದಿನ ಸಂಜೆ ಇವರು ಸ್ಕೂಟರಿಗೆ ಸ್ಟ್ಯಾಂಡು ಹಾಕುವುದನ್ನೂ ಕಾಯಲಿಲ್ಲ ನಾನು. ಬಾಗಿಲಲ್ಲೇ ಹಿಡಿದುಕೊಂಡೆ. "ಒಂದೇ ಒಂದು ಸುಳ್ಳು ಹೇಳೋಕೆ ನಿಮಗೇನಾಗಿತ್ತು? ಗೊತ್ತಾಗಲಿಲ್ಲ ಅಂದಿದ್ದರೆ ನಾಲಿಗೆ ಬಿದ್ದುಹೋಗ್ತಿತ್ತಾ?"

"ಟರ್ಬೊ ಬಂದ ಮೇಲೆ ನನ್ನ ಕಾಲಿನ ಮಾತು ಕೇಳಿದ್ದು ಅದೊಂದೇ ಕಾರು. ಅದನ್ನೂ ಗೊತ್ತಾಗಲಿಲ್ಲ ಅನ್ನಲಾ?"

"ಅದು ಕೆಟ್ಟಿತ್ತಲ್ರೀ!"

"ಕೆಟ್ಟಿತ್ತು" ಎಂದರು. ಹೊಸ್ತಿಲ ಮೇಲೆ ಕೂತು ಬೂಟಿನ ದಾರಕ್ಕೆ ಕೈ ಹಾಕಿದರು, ಆದರೆ ಗಂಟು ಕಾಣಿಸಲಿಲ್ಲ, ಕಣ್ಣು ತುಂಬಿತ್ತು. "ನೀನೂ ಪಕ್ಕದಲ್ಲೇ ಕೂತಿದ್ದೆಯಲ್ಲ. ನೀನೇ ಹೇಳು, ಚೆನ್ನಾಗಿರಲಿಲ್ವಾ?"

ಬೈಯಬೇಕೆಂದು ಬಾಯಿ ತೆರೆದೆ. ಚೆನ್ನಾಗಿತ್ತು ಎಂದೆ.