ಅವ್ವ ಎಡಗಡೆಯಲ್ಲೇ ಕದಿಯುತ್ತಿದ್ದಳು

ಸುಗ್ಗಿ ಬಂತೆಂದರೆ ಸಿಂಧನೂರಿನಿಂದ ಮಸ್ಕಿಗೆ ಬರುವ ರಸ್ತೆಯಲ್ಲಿ ಅರ್ಧ ಮಾತ್ರ ವಾಹನಗಳದ್ದು, ಉಳಿದರ್ಧ ಭತ್ತದ್ದು. ಗದ್ದೆಯಿಂದ ತಂದ ಹಸಿ ಭತ್ತವನ್ನು ಡಾಂಬರಿನ ಮೇಲೆ ಹರವಿ, ಅಂಚಿಗೆ ಕಲ್ಲು ಜೋಡಿಸಿ, ಒಣಗುವ ತನಕ ಪಕ್ಕದ ಜಾಲಿ ನೆರಳಲ್ಲಿ ಕೂತು ಕಾಯುತ್ತಾರೆ. ಬಿಸಿಲೇರಿದಂತೆ ಅದರಿಂದ ಒಂದು ವಾಸನೆ ಏಳುತ್ತದೆ. ಹುಲ್ಲು, ಕೆಸರು, ಸ್ವಲ್ಪ ಹುಳಿ. ಇಲ್ಲಿಯವರಿಗೆ ಅದು ಹೊಸ ಅನ್ನದ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದೊಡನೆ ಕೈ ತಾನಾಗಿ ಬ್ರೇಕ್ ಹಿಡಿಯುತ್ತದೆ. ಬೈಕು ನಿಲ್ಲಿಸಿ ಇಳಿಯುತ್ತೇನೆ. ಭತ್ತದಿಂದ ಆದಷ್ಟು ದೂರ, ರಸ್ತೆಯ ಬಲ ಅಂಚಿನಲ್ಲಿ ಅದನ್ನು ತಳ್ಳಿಕೊಂಡು ಹೋಗಿ, ಭತ್ತ ಮುಗಿದ ಮೇಲೆ ಮತ್ತೆ ಹತ್ತುತ್ತೇನೆ.

ಲಿಂಗಸುಗೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಮನುಷ್ಯ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಚೆನ್ನಾಗಿರುವ ಬೈಕನ್ನು ಉರಿಬಿಸಿಲಲ್ಲಿ ತಳ್ಳುವ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. “ಪೆಟ್ರೋಲ್ ಮುಗೀತೇನ್ರೀ ಸರ?” ಎಂದು ನೆರಳಲ್ಲಿದ್ದವರು ಕೇಳುತ್ತಾರೆ. ನಾನು “ಹೂಂನ್ರಿ” ಎನ್ನುತ್ತೇನೆ. ನಿಜ ಹೇಳುವುದಕ್ಕಿಂತ ಅದು ಸುಲಭ. ಒಮ್ಮೆ ಒಬ್ಬ ಪುಣ್ಯಾತ್ಮ ತನ್ನ ಬೈಕಿನಿಂದ ಬಾಟಲಿಗೆ ಪೆಟ್ರೋಲ್ ಇಳಿಸಿ ತಂದೇಬಿಟ್ಟ. ಬೇಡ ಎನ್ನಲಾಗದೆ, ತುಂಬಿದ ಟ್ಯಾಂಕಿಗೇ ಸುರಿಸಿಕೊಂಡು, ಅರ್ಧ ಪ್ಯಾಂಟಿಗೆ ಚೆಲ್ಲಿಸಿಕೊಂಡು, ಎರಡೂ ಕೈ ಮುಗಿದು ಬಂದೆ.

ಹೋದ ವಾರವೂ ಹೀಗೇ ತಳ್ಳಿದೆ. ಆದರೆ ಅವತ್ತು ಹಿಂದಿನ ಸೀಟಿನಲ್ಲಿ ನನ್ನ ಅಕ್ಕನ ಮಗಳು ಭೂಮಿಕಾ ಇದ್ದಳು. ಅವಳೂ ಇಳಿಯಬೇಕಾಯಿತು. ಇಳಿದವಳು, “ಮಾಮಾ, ನಿನ್ನ ಬೈಕ್ ಭತ್ತ ಕಂಡ್ರ ಬಂದ್ ಬೀಳ್ತೈತೇನು?” ಎಂದಳು. ಆ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟಿತೆಂದು ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮವ್ವ ಎಂಥ ಕಳ್ಳಿ ಎಂಬುದನ್ನು ಹೇಳಬೇಕು. ಅದಕ್ಕೂ ಮೊದಲು, ಹೇಳಲು ನನಗೆ ಮನಸ್ಸಿಲ್ಲದ ಒಂದು ಸಂಗತಿ ಇದೆ.

ಕೆಲವು ವರ್ಷಗಳ ಹಿಂದೆ, ಇಂಥದೇ ಸುಗ್ಗಿಯಲ್ಲಿ, ವಳಕಮದಿನ್ನಿಯ ನೆಂಟರ ಮನೆಯಲ್ಲಿ ತೊಟ್ಟಿಲ ಕಾರ್ಯ ಮುಗಿಸಿಕೊಂಡು ನಾವು ಮಸ್ಕಿಗೆ ಬರುತ್ತಿದ್ದೆವು. ಭೂಮಿಕಾ ತನ್ನ ಬ್ಯಾಟರಿ ಸ್ಕೂಟಿಯಲ್ಲಿ ಮುಂದೆ. ನಾನು ಹೋಳಿಗೆ ಡಬ್ಬಿ ಸಮೇತ ಬೈಕಿನಲ್ಲಿ ಹಿಂದೆ. ಆಗವಳು ಪಿಯುಸಿ ಓದುತ್ತ ಅವ್ವನ ಮನೆಯಲ್ಲಿದ್ದಳು. ಬಸ್ಸೊಂದು ಹಾರ್ನ್ ಹೊಡೆಯಿತು. ಅವಳು ದಾರಿ ಬಿಡಲೆಂದು ಎಡಕ್ಕೆ ಸರಿದಳು. ಎಡಕ್ಕೆ ಭತ್ತವಿತ್ತು. ಗಾಲಿ ಮಣಿಗಳ ಮೇಲೆ ಹೋದಂತೆ ಜಾರಿತು. ಅಷ್ಟೇ. ದೊಡ್ಡ ಸದ್ದೇನೂ ಆಗಲಿಲ್ಲ. ಪಟ್ಟಿ ಬಿಗಿಯದ ಹೆಲ್ಮೆಟ್ ಒಂದು ಕಡೆ ಉರುಳಿತು, ಸ್ಕೂಟಿ ಇನ್ನೊಂದು ಕಡೆ. ಭತ್ತದ ಯಜಮಾನ ಓಡಿಬಂದು ತನ್ನ ಟವೆಲ್ಲನ್ನು ಅವಳ ತಲೆಗೆ ಒತ್ತಿ ಹಿಡಿದ. ನಾನು ಹೋಳಿಗೆ ಡಬ್ಬಿ ಹಿಡಿದು ನಿಂತಿದ್ದೆ. ಇವತ್ತಿಗೂ ಆ ಚಿತ್ರ ದಿನಕ್ಕೊಮ್ಮೆ ಕಣ್ಣ ಮುಂದೆ ಓಡುತ್ತದೆ. ಪ್ರತಿ ಸಲವೂ ಈ ಬಾರಿ ಅವಳು ಸರಿಯುವುದಿಲ್ಲ ಎಂದುಕೊಳ್ಳುತ್ತೇನೆ. ಪ್ರತಿ ಸಲವೂ ಸರಿಯುತ್ತಾಳೆ.

ರಾಯಚೂರಿನ ಆಸ್ಪತ್ರೆಯಲ್ಲಿ ಅವಳು ಉಳಿದಳು. ಮಾತು ಬಂತು, ಗುರುತು ಬಂತು, ನಿಧಾನಕ್ಕೆ ನಡೆಯಲೂ ಬಂತು. ಬಾರದೆ ಉಳಿದದ್ದು ಎಡಗಡೆ. ಕಣ್ಣು ಸರಿಯಾಗಿಯೇ ಇದ್ದವು. ಆದರೆ ಜಗತ್ತಿಗೆ ಎಡಗಡೆ ಎಂಬುದೊಂದಿದೆ ಎನ್ನುವುದನ್ನೇ ಅವಳ ಮೆದುಳು ಬಿಟ್ಟುಕೊಟ್ಟಿತ್ತು. ತಾಟಿನ ಬಲಭಾಗದ ರೊಟ್ಟಿ ತಿಂದು, “ಮಮ್ಮಿ, ಪಲ್ಯಾನೇ ಹಾಕಿಲ್ಲ” ಎಂದು ಜಗಳ ತೆಗೆಯುವಳು. ಅಕ್ಕ ಬಂದು ತಾಟನ್ನು ಅರ್ಧ ಸುತ್ತು ತಿರುಗಿಸಿದರೆ ಬದನೆಕಾಯಿ ಪ್ರತ್ಯಕ್ಷವಾಗುವುದು. ತಲೆಯ ಬಲಭಾಗವನ್ನಷ್ಟೇ ಬಾಚಿಕೊಂಡು, ಜಾತ್ರೆಗೆ ಹೊರಟವಳಂತೆ ಎದ್ದು, ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುವಳು.

ನಾನು ಓದಿದವನಲ್ಲವೇ, ಮೊಬೈಲಿನಲ್ಲಿ ಹುಡುಕಿ ಹುಡುಕಿ ಅರ್ಧ ಡಾಕ್ಟರನಾದೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಮೆದುಳಿನ ಚಿತ್ರ ಬರೆದು ಅವ್ವನಿಗೆ ವಿವರಿಸಿದೆ: ಪೆಟ್ಟು ಬಿದ್ದದ್ದು ಬಲಭಾಗಕ್ಕೆ, ಅದಕ್ಕೇ ಎಡಗಡೆ ಮರೆತಿದೆ. ಅವ್ವ ಚಿತ್ರ ನೋಡಿದಳು.

“ಇದು ಹೂಕೋಸಲ್ಲೇನೋ?”

“ಮೆದುಳು, ಅವ್ವಾ.”

“ಬಲಕ್ಕ ಬಡದ್ರ ಎಡಕ್ಕ ಯಾಕ ಹೋಗ್ತೈತಿ? ಆ ಡಾಕ್ಟರ್ ಬಾಯಿಗೆ ಎಡಾ ಬಲಾ ಗೊತ್ತಿಲ್ಲ ತಗಿ.”

ಡಾಕ್ಟರ್ ಬಾಯಿ, ಅಂದರೆ ರಾಯಚೂರಿನ ಡಾಕ್ಟರಮ್ಮ, ಹೇಳಿ ಕಳಿಸಿದ್ದು ಇಷ್ಟು: ಎಲ್ಲರೂ ಅವಳ ಎಡಕ್ಕೆ ಕುಳಿತುಕೊಳ್ಳಬೇಕು, ಎಡಗಡೆಯಿಂದಲೇ ಕರೆಯಬೇಕು, ಬೇಕಾದ ಸಾಮಾನನ್ನೆಲ್ಲ ಎಡಕ್ಕೇ ಇಡಬೇಕು. ಅವಳು ಹುಡುಕಿ ಹುಡುಕಿ ಆ ಕಡೆಗೆ ತಿರುಗಬೇಕು. ನಾವು ಎತ್ತಿನ ಹಾಗೆ ತಲೆ ಅಲ್ಲಾಡಿಸಿ ಅವ್ವನ ಮನೆಗೆ ಬಂದೆವು, ಅಕ್ಕನೂ ಮಗಳ ಜೊತೆ ಅಲ್ಲೇ ಉಳಿದಳು.

ಹೇಳಿದಷ್ಟು ಸುಲಭವಿರಲಿಲ್ಲ. ನಮ್ಮ ಭಾವ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸದವರು, ಮಾತು ಕಡಿಮೆ. ಪಾಳಿ ಮುಗಿಸಿ ಬಸ್ಸು ಹಿಡಿದು ಬಂದವರು ಅವಳ ಎಡಕ್ಕೆ ನಿಂತು, “ಭೂಮೀ” ಎಂದರು. ಅವಳು ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಅವಳು ಎದುರಿನ ಟಿವಿ ನೋಡುತ್ತಲೇ ಇದ್ದಳು. ಭಾವ ಮಂಚ ಸುತ್ತಿ ಬಲಕ್ಕೆ ಬಂದು ನಿಂತರು. “ಅಯ್ಯ, ಪಪ್ಪಾ! ಯಾವಾಗ ಬಂದಿ?” ಎಂದು ಅವಳು ಮುಖ ಅರಳಿಸಿದಳು.

ಅವತ್ತಿನಿಂದ ಮನೆಯೇ ಮಂಚ ಸುತ್ತಿ ಬಲಕ್ಕೆ ಬಂತು. ಯಾರೂ ಬಾಯಿಬಿಟ್ಟು ನಿರ್ಧರಿಸಲಿಲ್ಲ. ಮೊದಲು ಕುರ್ಚಿ ಬಂತು, ಆಮೇಲೆ ನೀರಿನ ತಂಬಿಗೆ, ಆಮೇಲೆ ಟಿವಿ. ನೋಡಲು ಬರುವವರು ಬ್ರೆಡ್ಡು, ಬಾಳೆಹಣ್ಣು, ಎಳನೀರು ಹಿಡಿದು ಬಲಕ್ಕೇ ಸಾಲಾಗಿ ಕೂತು, ತಮಗೆ ಗೊತ್ತಿರುವ ತಲೆಪೆಟ್ಟಿನ ಕತೆಗಳನ್ನು ಒಂದಕ್ಕಿಂತ ಒಂದು ಭೀಕರವಾಗಿ ಹೇಳುವರು. ಪಡಸಾಲೆಯ ಬಲಭಾಗ ಸೋಮವಾರದ ಸಂತೆಯಾಯಿತು, ಎಡಭಾಗ ಬಯಲಾಯಿತು. ಆ ಬಯಲಲ್ಲಿ ಉಳಿದದ್ದು ಒಂದು ಕಂಬ, ಕಂಬಕ್ಕೆ ಒರಗಿದ ಅವ್ವ, ಅವಳ ಎಲೆಡಿಕೆ ಚೀಲ.

“ಅವ್ವಾ, ಈ ಕಡಿ ಬಾ. ಆಕಿಗೆ ಕಾಣ್ತಿ” ಎಂದು ಅಕ್ಕ ಕರೆದಳು.

“ನನ್ನ ಕಂಬ ಕಿತ್ತು ಆ ಕಡಿ ಹುಗಿ, ಬರ್ತೀನಿ” ಎಂದಳು ಅವ್ವ.

ಇನ್ನು ಅವ್ವನ ಕಳ್ಳತನಕ್ಕೆ ಬರುತ್ತೇನೆ. ಹೊರಗೆ ಬಿದ್ದ ಸೂಜಿಯನ್ನೂ ಯಾರದೆಂದು ಕೇಳಿ ಕೊಟ್ಟುಬರುವ ಹೆಂಗಸು ಅವಳು. ಆದರೆ ಚೌಕಾಬಾರದ ಮನೆ ಬರೆದು ಕವಡೆ ಕೈಗೆ ಕೊಟ್ಟರೆ ಮುಗಿಯಿತು. ಮೂರು ಬಿದ್ದರೆ ನಾಲ್ಕು ಮನೆ ನಡೆಸುವಳು. ಬೇಡದ ಕವಡೆಯನ್ನು ಸೆರಗಿನಿಂದ ಮಗುಚಿಹಾಕುವಳು. ಹಣ್ಣಾಗಲು ಬಂದ ಎದುರಾಳಿಯ ಕಾಯಿಯನ್ನು ತೊಡೆಯ ಕೆಳಗೆ ಸೇರಿಸುವಳು. ಕದಿಯುವ ಮೊದಲು ಮಾತ್ರ ತಪ್ಪದೆ, “ಅಯ್ಯ, ಬೆಕ್ಕು ಬಂತು ನೋಡ್ರಿ” ಎನ್ನುವಳು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಆದರೂ ನೋಡುತ್ತೇವೆ. ನಮ್ಮಪ್ಪ ಬದುಕಿರುವವರೆಗೂ ಬಾಗಿಲ ಕಡೆ ನೋಡಿ ಸೋಲುತ್ತಲೇ ಇದ್ದ.

ಮೊದಲು ಆಡುತ್ತಿದ್ದ ಆಟಗಳನ್ನು ಆಡಿಸಿ ಎಂದೂ ಡಾಕ್ಟರ್ ಬಾಯಿ ಹೇಳಿದ್ದರು. ಹಾಗಾಗಿ ಮಧ್ಯಾಹ್ನದ ಊಟವಾದ ಮೇಲೆ ನೆಲದ ಮೇಲೆ ಮನೆ ಬರೆದು ಕೂರುತ್ತಿದ್ದೆವು. ಭೂಮಿಕಾಳ ಕಾಯಿ ಕೆಂಪು ಬಳೆಚೂರು, ನನ್ನವು ಸೀಮೆಸುಣ್ಣದ ತುಂಡು, ಪಕ್ಕದ ಮನೆಯ ಮಹೆಬೂಬಿಯವು ಶೇಂಗಾ ಸಿಪ್ಪೆ, ಅವ್ವನವು ಹುಣಸೆಬೀಜ. ಅವ್ವನ ಜಾಗ, ಹೇಳಬೇಕಾಗಿಲ್ಲ, ಕಂಬದ ಕಡೆ. ಅಂದರೆ ಭೂಮಿಕಾಳ ಎಡಕ್ಕೆ.

ನಾನೂ ಮಹೆಬೂಬಿಯೂ ಪೈಪೋಟಿಯ ಮೇಲೆ ಸೋಲುತ್ತಿದ್ದೆವು. ಕಡಿಯಬೇಕಾದ ಕೆಂಪು ಕಾಯಿಯನ್ನು ಕಾಣದವರಂತೆ ದಾಟಿ ಹೋಗುತ್ತಿದ್ದೆವು. ಎಡಗಡೆ ಸಿಕ್ಕಿಬಿದ್ದ ಅವಳ ಕಾಯಿಯನ್ನು ನಾನೇ ಮೆಲ್ಲಗೆ ಮುಂದೆ ತಳ್ಳುತ್ತಿದ್ದೆ. ಭೂಮಿಕಾ ಗೆದ್ದು ಗೆದ್ದು ಬೇಸತ್ತು ಆಕಳಿಸುವಳು. ಅವ್ವನಿಗೆ ಮೈ ಉರಿಯುವುದು.

“ಇದೇನ್ ಆಟನೋ ಇದು? ಕೈಯಾಗ ಜೀವ ಇಲ್ದವರಂಗ ಆಡ್ತೀರಿ. ಆಕಿ ಬದುಕ್ಯಾಳ, ನೀವು ಸತ್ತೀರಿ.”

ಹೀಗೆಂದು ತಾನು ಮಾತ್ರ ಜೀವ ತುಂಬಿ ಆಡುವಳು, ಅಂದರೆ ಕದಿಯುವಳು. ಅದೂ ಎಡಗಡೆಯಿಂದಲೇ. ಭೂಮಿಕಾಳ ಬಳೆಚೂರು ಎಡಗಡೆಯ ಸಾಲಿಗೆ ಬಂದಿತೋ, ಮಾಯ. ಭೂಮಿಕಾ ಇದ್ದ ಕಾಯಿಗಳನ್ನೇ ನಡೆಸುತ್ತ, ಹೋದದ್ದರ ಸುದ್ದಿಯೇ ಎತ್ತುತ್ತಿರಲಿಲ್ಲ. “ಯಾ ಅಲ್ಲಾ, ಕಾಯ್ಕು ಸತಾತೆ ಬಚ್ಚಿ ಕು?” ಎಂದು, ಕೂಸನ್ನು ಯಾಕೆ ಕಾಡುತ್ತೀಯೆಂದು, ಮಹೆಬೂಬಿ ಕೆನ್ನೆ ಬಡಿದುಕೊಳ್ಳುವಳು. ಒಂದು ದಿನ ಇದು ಅಕ್ಕನ ಕಣ್ಣಿಗೆ ಬಿತ್ತು. ಅವಳು ಅವ್ವನನ್ನು ಅಡುಗೆಮನೆಗೆ ಕರೆದು ಸುಲಿದುಹಾಕಿದಳು.

“ಆ ಕಡಿ ಆಕಿಗೆ ಕಾಣಂಗಿಲ್ಲಂತ ಊರಿಗೆಲ್ಲಾ ಗೊತ್ತೈತಿ. ಆ ಕಡಿಲಿಂದನ ಕದೀತಿ? ನಾಚಿಕಿ ಬರಂಗಿಲ್ಲೇನು?”

ಅವ್ವ ಯೋಚನೆ ಮಾಡಿ ಹೇಳಿದಳು: “ಬಲಕ್ಕ ಕದ್ರ ಸಿಕ್ಕೊಂತೀನಲ್ಲಬೇ.”

ಅಕ್ಕ ಅವತ್ತು ಊಟ ಮಾಡಲಿಲ್ಲ. ಅವ್ವನೂ ಅಕ್ಕನೂ ಒಂದೇ ಮನೆಯಲ್ಲಿ ಇದ್ದುಕೊಂಡು ಮಾತು ಬಿಟ್ಟರು. “ನಿಮ್ಮವ್ವಗ ರೊಟ್ಟಿ ಬೇಕಂತೇನು ಕೇಳೋ” ಎಂದು ಅಕ್ಕ ನನ್ನ ಮೂಲಕ ಕೇಳಿಸುವಳು. ಅವ್ವ ನೇರವಾಗಿ ರೊಟ್ಟಿಗೇ ಉತ್ತರ ಕೊಡುವಳು. ಅಕ್ಕನ ಸಿಟ್ಟು ಏನೆಂದು ನನಗೆ ಗೊತ್ತಿತ್ತು. ಎಡಗಡೆ ಬಾರದಿದ್ದರೆ ಈ ಹುಡುಗಿ ರಸ್ತೆ ದಾಟುವುದು ಹೇಗೆ, ಓದುವುದು ಹೇಗೆ, ಒಬ್ಬಳೇ ಬಾಳುವುದು ಹೇಗೆ? ಮನೆಯೊಳಗೆ ನಾವು ಬಲಕ್ಕೆ ಬರಬಹುದು. ಬಸ್ಸು, ಲಾರಿಗಳು ಮಂಚ ಸುತ್ತಿ ಬರುತ್ತವೆಯೇ?

ಹೀಗಿರುವಾಗ ಒಂದು ಮಧ್ಯಾಹ್ನ ಭಾವ ಪಾಳಿ ಮುಗಿಸಿ ಬಂದು ಬಾಗಿಲ ಬಳಿ ಟವೆಲ್ ಹಾಸಿ ಮಲಗಿದ್ದರು. ಅಕ್ಕ ಒಳಗೆ ಹಿಟ್ಟು ನಾದುತ್ತಿದ್ದಳು. ಆಟ ಕೊನೆಗೆ ಬಂದಿತ್ತು. ಅವ್ವ ಕವಡೆ ಹಾಕಿ, ಕಾಯಿ ನಡೆಸಿ, “ಅಯ್ಯ, ಬೆಕ್ಕು ಬಂತು ನೋಡ್ರಿ” ಎಂದಳು. ನಾನು ನೋಡಿದೆ. ಮಹೆಬೂಬಿ ನೋಡಿದಳು. ನಿದ್ದೆಯಲ್ಲಿದ್ದ ಭಾವನೂ ಕಣ್ಣು ತೆರೆದು ನೋಡಿದರು. ಬೆಕ್ಕಿರಲಿಲ್ಲ. ಮರಳಿ ತಿರುಗಿದಾಗ ಭೂಮಿಕಾಳ ಬಲಗೈ ನೆಲದ ಮೇಲೆ ಸರಿಯುತ್ತಿತ್ತು. ಮನೆಯ ನಡುವನ್ನು ದಾಟಿತು. ಅಲ್ಲಿ ಒಂದು ಕ್ಷಣ ನಿಂತಿತು, ಹೊಳೆಯ ದಂಡೆಗೆ ಬಂದವರ ಹಾಗೆ. ಆಮೇಲೆ ಆ ಕಡೆಗೂ ಹೋಯಿತು, ಕುತ್ತಿಗೆ ಅದರ ಹಿಂದೆ ತಿರುಗಿತು, ಕೈ ಅವ್ವನ ಮಣಿಕಟ್ಟನ್ನು ಹಿಡಿಯಿತು.

“ಆಯಿ. ಕೈ ತಗಿ. ನನ್ ಕಾಯಿ ಅದು.”

“ಯಾವ್ ಕಾಯಿ? ನಾ ಎಲ್ಲಿ ಮುಟ್ಟೀನಿ?”

“ನಿನ್ ತೊಡಿ ಕೆಳಗ ಐತಿ. ನಿನ್ನೆನೂ ಕದ್ದಿ. ಏಳು, ಎದ್ದೇಳು ಮ್ಯಾಲ!”

ಮಹೆಬೂಬಿಯೂ ನಾನೂ ಸೇರಿ ಅವ್ವನನ್ನು ಎಬ್ಬಿಸಿದೆವು. ಕೆಳಗೆ ಒಂದಲ್ಲ, ಒಂದು ಹಿಡಿ ಬಳೆಚೂರು, ನನ್ನ ಸೀಮೆಸುಣ್ಣ, ಶೇಂಗಾ ಸಿಪ್ಪೆ. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದು ಮಗಳ ಎಡಕ್ಕೆ ಕುಸಿದು ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿದಿರಲಿಲ್ಲ. ಭಾವ ಎದ್ದು ಕೂತು ಟವೆಲ್ಲಿನಿಂದ ಮುಖ ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು.

ಅವ್ವನಿಗೆ ಮಾತ್ರ ಭಾರಿ ಅವಮಾನವಾಗಿತ್ತು. “ಸಣ್ಣ ಕೂಸು ನನ್ನ ಕಳ್ಳಿ ಅಂತೈತಿ. ಬಡಿಯೋದು ಬಿಟ್ಟು ಹಬ್ಬ ಮಾಡಾಕತ್ತೀರಲ್ಲೋ! ಬೆಕ್ಕು ಬಂದಿತ್ತು. ಖರೇನ ಬಂದಿತ್ತು.”

ಅವ್ವ ಬೇಕೆಂದೇ ಸಿಕ್ಕಿಬಿದ್ದಳೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. “ನಾ ಯಾವತ್ತರ ಸಿಕ್ಕೀನೇನು?” ಎಂದು ತಿರುಗಿ ಕೇಳಿದಳು. ಅದು ಹೌದೋ ಅಲ್ಲವೋ ನನಗೆ ಇನ್ನೂ ಬಗೆಹರಿದಿಲ್ಲ. ಅಂದೇ ಎಲ್ಲ ಸರಿಹೋಯಿತೆಂದೂ ತಿಳಿಯಬೇಡಿ. ಮರುದಿನ ಭೂಮಿಕಾ ಅದೇ ಚೌಕಟ್ಟಿಗೆ ಭುಜ ಬಡಿಸಿಕೊಂಡಳು, ಪಲ್ಯಕ್ಕೂ ಜಗಳ ತೆಗೆದಳು. ಆದರೆ ನಾವು ತಾಟು ತಿರುಗಿಸುವುದನ್ನು ಬಿಟ್ಟೆವು. ಕುರ್ಚಿ, ತಂಬಿಗೆ, ಟಿವಿ ಒಂದೊಂದಾಗಿ ಎಡಕ್ಕೆ ಮರಳಿದವು. ಭಾವ ಎಡಕ್ಕೇ ನಿಂತು “ಭೂಮೀ” ಎನ್ನುವರು, ಅವಳು ತಿರುಗುವ ತನಕ ಚಪ್ಪಲಿಯನ್ನೂ ಬಿಡದೆ ಕಾಯುವರು. ಅಕ್ಕ ರೊಟ್ಟಿ ಬೇಕೇನೆಂದು ನೇರವಾಗಿ ಅವ್ವನನ್ನೇ ಕೇಳಿದಳು.

ಈಗ ಹೋದ ವಾರಕ್ಕೆ ಮರಳೋಣ. ಸಿಂಧನೂರಿನಲ್ಲಿ ಅವ್ವನಿಗೆಂದು ಮಿರ್ಚಿ ಭಜಿ ಕಟ್ಟಿಸಿಕೊಂಡು, ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಿ, ಬೈಕು ತಳ್ಳುತ್ತಿದ್ದೇನೆ. ಭೂಮಿಕಾ ನನಗೂ ಭತ್ತಕ್ಕೂ ನಡುವೆ ಬರುತ್ತಿದ್ದಾಳೆ. ತಲೆಯ ಮೇಲೆ ಹೆಲ್ಮೆಟ್ ಇದೆ, ಮನೆ ಮುಟ್ಟುವ ತನಕ ಪಟ್ಟಿ ಬಿಚ್ಚಬಾರದೆಂಬುದು ನಾನು ಮಾಡಿದ ಕಾನೂನು. ಬಸ್ಸಿಲ್ಲ, ಲಾರಿಯಿಲ್ಲ. ಅವಳು ಚಪ್ಪಲಿ ಬಿಟ್ಟು ಭತ್ತದೊಳಗೆ ಇಳಿದು ಕಾಲಾಡಿಸತೊಡಗಿದಳು. ಒಣಗಲಿ ಎಂದು ಭತ್ತವನ್ನು ಹಾಗೆ ಕಾಲಿನಿಂದ ಸಾಲು ಸಾಲು ಕೆದಕುತ್ತಾರೆ.

“ಹಂಗ ಆಡಸವ್ವಾ, ಕೂಲಿ ಕೊಡ್ತೀನಿ” ಎಂದ ನೆರಳಲ್ಲಿದ್ದ ಯಜಮಾನ. ನನ್ನನ್ನೂ ಕೇಳಿದ: “ಪೆಟ್ರೋಲ್ ಮುಗೀತೇನ್ರೀ ಸರ?”

“ಹೂಂನ್ರಿ.”

“ಮಾಮಾ, ಎಡಕ್ಕ ನೋಡು. ಬೆಳ್ಳಕ್ಕಿ ಎಷ್ಟ್ ಕುಂತಾವ.”

“ನೋಡ್ದೆ ನೋಡ್ದೆ” ಎಂದೆ, ನೇರ ಮುಂದೆ ನೋಡುತ್ತ.

“ಸುಳ್ಳು. ನೀ ನೋಡಲೇ ಇಲ್ಲ.”

ಆಗ ಹೊಳೆಯಿತು. ಅವಳು ಬಿದ್ದ ದಿನದಿಂದ ಈ ರಸ್ತೆಯ ಎಡಗಡೆಯನ್ನು ನಾನು ನೋಡಿಯೇ ಇಲ್ಲ. ಆ ಕಡೆ ಗದ್ದೆಯಿದೆಯೋ ಗುಡ್ಡವಿದೆಯೋ ಕೇಳಿದರೆ ಹೇಳಲಾರೆ. ಗೋಡೆಯ ಮೇಲೆ ಮೆದುಳು ಬರೆದ ಪಂಡಿತನಿಗೆ, ಪೆಟ್ಟೇ ಬೀಳದೆ, ಅರ್ಧ ಜಗತ್ತು ಹೋಗಿತ್ತು.

“ಈ ಕಡಿ ಬಾರೇ” ಎಂದೆ. “ಭತ್ತ ಜಾರ್ತೈತಿ.”

“ನಾ ಆ ಕಡಿ ಬರಂಗಿಲ್ಲ. ನೀನ ಈ ಕಡಿ ನೋಡಬೇಕು.” ಬಿಸಿಲಲ್ಲಿ, ಹೆಲ್ಮೆಟ್ಟಿನೊಳಗೆ ಬೆವರುತ್ತ, ಭತ್ತದ ನಡುವೆ ನಿಂತಳು. ಅವರಪ್ಪ ನಿಲ್ಲುವ ಹಾಗೆಯೇ. “ಮಾಮಾ.” ಸ್ವಲ್ಪ ಬಿಟ್ಟು ಮತ್ತೆ: “ಮಾಮಾ.”

ಕುತ್ತಿಗೆ ತಿರುಗಿಸುವುದು ಅಷ್ಟು ಭಾರದ ಕೆಲಸವೆಂದು ನನಗೆ ತಿಳಿದಿರಲಿಲ್ಲ. ತಿರುಗಿದೆ. ಭತ್ತದ ಮೇಲೆ ಅವಳ ಕಾಲಿನ ಎರಡು ಸಾಲುಗಳಿದ್ದವು. ಬಲಗಾಲಿನದು ನೆಟ್ಟಗೆ, ಎಡಗಾಲಿನದು ಸ್ವಲ್ಪ ಆಳವಾಗಿ, ಸೊಟ್ಟಗೆ, ಆದರೆ ಎಲ್ಲಿಯೂ ತುಂಡಾಗದೆ ಅವಳ ತನಕ ಬಂದಿತ್ತು. ಅದರಾಚೆ ಕೊಯ್ದ ಗದ್ದೆ, ಕಾಲುವೆ, ಮತ್ತು ಖರೇನ, ಬೆಳ್ಳಕ್ಕಿ. ಎಷ್ಟು ಹೊತ್ತು ನೋಡಿದೆನೋ.

ಮರಳಿ ತಿರುಗಿದಾಗ ಅವಳು ಬೈಕಿನ ಪಕ್ಕಕ್ಕೆ ಬಂದು ನಿಂತಿದ್ದಳು, ಮಿರ್ಚಿ ಚೀಲದ ಬಾಯಿ ಬಿಚ್ಚಿತ್ತು. ಹೆಲ್ಮೆಟ್ಟಿನ ಗಾಜು ಮೇಲಕ್ಕೆ ಹೋಗಿತ್ತು. ಅದರೊಳಗಿನ ಎರಡೂ ಕೆನ್ನೆ ಉಬ್ಬಿದ್ದವು.

“ಬೆಕ್ಕು ಬಂದಿತ್ತು” ಎಂದಳು.

ಭತ್ತ ಇನ್ನೂ ದೂರದವರೆಗೆ ಹಾಸಿತ್ತು. ನಾನು ಬೈಕು ಹತ್ತಿದೆ. ಅವಳು ಹಿಂದೆ ಕೂತಳು. ಒಂದೇ ಒದೆತಕ್ಕೆ ಅದು ಚಾಲೂ ಆಯಿತು. ನೆರಳಲ್ಲಿದ್ದ ಯಜಮಾನ ಎದ್ದುನಿಂತು ಕಣ್ಣಿಗೆ ಕೈ ಅಡ್ಡ ಹಿಡಿದ.

“ಪೆಟ್ರೋಲ್ ಎಲ್ಲಿಂದ ಬಂತ್ರೀ ಸರ?”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ, ಬಾಯಿ ತುಂಬ ಮಿರ್ಚಿ ಇಟ್ಟುಕೊಂಡು, ಅವಳು ಕೂಗಿದಳು: “ಎಡಗಡಿಂದ ಬಂತ್ರೀ!”