ಬಗ್ಗಿದ ಆರು ಪೆನ್ನಿ

ಮಂಗಳವಾರ ಸಂಜೆ ಪಬ್ಬಿನ ಹಿಂದಿನ ಕೋಣೆಯಲ್ಲಿ ನಮ್ಮ ಕ್ಲಬ್ಬು ಸೇರುತ್ತದೆ. ಚಹಾ ಕಾಸುವುದು ನಾನು, ನಾಣ್ಯ ಗುರುತಿಸುವುದು ನೆವಿಲ್ ಲಾರ್ಟರ್. ವಾರವಿಡೀ ನಾರ್ಫೋಕಿನ ಹೊಲಗಳಲ್ಲಿ ನೆಲದಡಿಯ ಲೋಹ ಹುಡುಕುವ ಡಿಟೆಕ್ಟರ್ ಬೀಸಿಕೊಂಡು ತಿರುಗಿದವರೆಲ್ಲ ಮಣ್ಣು ಮೆತ್ತಿದ ಬಿಲ್ಲೆಗಳನ್ನು ತಂದು ಅವನ ಮುಂದೆ ಸುರಿಯುತ್ತಾರೆ. ಒಬ್ಬೊಬ್ಬರಿಗೂ ಅದು ರೋಮನ್ ಚಕ್ರವರ್ತಿಯ ನಾಣ್ಯವೇ ಆಗಿರಬೇಕು! ನೆವಿಲ್ ಕನ್ನಡಕವನ್ನು ಹಣೆಗೇರಿಸಿ, ಬಿಲ್ಲೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡುತ್ತಾನೆ. ತೂಗುತ್ತಾನೆ, ಅಳೆಯುತ್ತಾನೆ, ಕೊನೆಗೆ ನಿಟ್ಟುಸಿರು ಬಿಡುತ್ತಾನೆ.

"ಅಂಗಿ ಗುಂಡಿ ಕಣಪ್ಪ ಇದು."

ನಾಣ್ಯವೇ ಆಗಿದ್ದರೂ ಎರಡೂ ಮುಖ ಸವೆದು ನುಣ್ಣಗಾಗಿರುತ್ತದೆ. "ಯಾವುದಾದ್ರೂ ಒಂದು ರಾಜನ ಹೆಸರು ಹೇಳೋ ಮಾರಾಯ, ನಿಂದೇನು ಗಂಟು ಹೋಗುತ್ತೆ?" ಎಂದು ಗೋಗರೆದವರು ಎಷ್ಟು ಜನವೋ. ಅವನದು ಒಂದೇ ಮಾತು: "ಗೊತ್ತಿಲ್ಲದ್ದನ್ನ ಹೇಳಲ್ಲ." ಕಾಗದದ ಪೊಟ್ಟಣಕ್ಕೆ ಹಾಕಿ, ಮೇಲೆ 'ಗುರುತು ಸಿಗಲಿಲ್ಲ' ಎಂದು ಬರೆದು ಕೊಡುತ್ತಾನೆ. ಮೂವತ್ತೊಂದು ವರ್ಷ ಇದೇ ಕೆಲಸ. ಹೊಲದಲ್ಲಿ ಸಿಕ್ಕ ನಾಣ್ಯವನ್ನು ಹೆಬ್ಬೆರಳಿನಿಂದ ಉಜ್ಜಿದವರಿಗಂತೂ ಮಂಗಳಾರತಿ ಎತ್ತುತ್ತಾನೆ, ಏಕೆಂದರೆ ಅಳಿದುಳಿದ ಗುರುತು ಹೋಗುವುದೇ ಹಾಗೆ ಉಜ್ಜುವುದರಿಂದ.

ಅವನೂ ಒಂದು ಡಿಟೆಕ್ಟರ್ ಯಂತ್ರ ಕೊಂಡದ್ದಕ್ಕೆ ಕಾರಣ ಅವನ ಹೆಂಡತಿ, ನನ್ನ ಗೆಳತಿ ಡೋರೀನ್. ನಮ್ಮ ಸೀಮೆಯಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಹುಡುಗ ಬೆಳ್ಳಿಯ ಆರು ಪೆನ್ನಿ ನಾಣ್ಯದ ಒಂದು ಅಂಚನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಬಗ್ಗಿಸಿ ಹುಡುಗಿಗೆ ಕೊಡುತ್ತಿದ್ದ. ಮನಸ್ಸಿದ್ದರೆ ಇಟ್ಟುಕೊಳ್ಳುವಳು, ಇಲ್ಲದಿದ್ದರೆ ಹೊಲಕ್ಕೆ ಬಿಸಾಕುವಳು. ನಮ್ಮ ಕಾಲಕ್ಕೆ ಅದನ್ನೆಲ್ಲ ಯಾರು ಮಾಡುತ್ತಿದ್ದರು? ನೆವಿಲ್ ಮಾತ್ರ ತಾತನ ಪೆಟ್ಟಿಗೆಯಿಂದ ವಿಕ್ಟೋರಿಯಾ ರಾಣಿಯ ಕಾಲದ್ದೊಂದನ್ನು ಹುಡುಕಿ ತೆಗೆದು, ಇಕ್ಕಳದಲ್ಲಿ ಬಗ್ಗಿಸಿ, ಮೊಳೆಯಿಂದ ಅವಳ ಹೆಸರಿನ ಮೊದಲಕ್ಷರ ಗೀಚಿ ಕೊಟ್ಟ. ಮದುವೆಯಾದ ವರ್ಷವೇ ಡೋರೀನ್ ಕೆರಿಜ್ ಎಂಬ ರೈತನ ಹೊಲದಲ್ಲಿ ಆಲೂಗಡ್ಡೆ ಕಿತ್ತು ಮನೆಗೆ ಬಂದವಳು, "ಅದು ಎಲ್ಲೋ ಬಿದ್ದುಹೋಯ್ತು" ಎಂದಳು. ಯಂತ್ರ ಬಂದ ಮೇಲೆ ಒಂದು ಶನಿವಾರವೂ ಅವನು ಆ ಹೊಲ ಬಿಟ್ಟವನಲ್ಲ.

ಈ ಮಾರ್ಚಿನಲ್ಲಿ ಡೋರೀನಳ ಶ್ವಾಸಕೋಶ ಪೂರ್ತಿ ಸೋತಿತು. ಮುಂದಿನ ಗುರುವಾರ ಅವಳನ್ನು ಕೊನೆಗಾಲದವರ ಆಸ್ಪತ್ರೆಗೆ ಸೇರಿಸುವುದೆಂದು ನಿಶ್ಚಯವಾಯಿತು. ಅಲ್ಲಿಂದ ಯಾರೂ ಮನೆಗೆ ಬರುವುದಿಲ್ಲ. ಉಳಿದದ್ದು ಒಂದೇ ಶನಿವಾರ, ಆವತ್ತೂ ನೆವಿಲ್ ಬೂಟು ಹಾಕಿಕೊಂಡ.

"ನಿನಗೇನು ತಲೆ ಕೆಟ್ಟಿದೆಯಾ? ಅವಳ ಹತ್ರ ಕೂತ್ಕೊಳ್ಳೋ!" ಎಂದು ಬೈದೆ.

"ಹೋಗೋ ಮುಂಚೆ ಅವಳ ಕೈಗೆ ಕೊಡ್ಬೇಕು ಐವಿ. ಇದೊಂದು ಸಲ."

ಅವಳ ಪಕ್ಕದಲ್ಲಿ ನರ್ಸ್ ಇದ್ದಳು. ನಾನು ಹಲ್ಲು ಕಚ್ಚಿಕೊಂಡು ಅವನ ಜೊತೆ ಹೊರಟೆ. ಗಾಳಿ, ಕೆಸರು, ಮುರಿದ ಕುಳದ ಚೂರು, ಕುದುರೆ ಲಾಳದ ಮೊಳೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕಾಲು ಸೋತುಹೋಗಿತ್ತು. ಆಗ ಬೇಲಿಯ ಹತ್ತಿರ ಯಂತ್ರ ಗಟ್ಟಿಯಾಗಿ ಕೂಗಿತು. ಒಂದು ಗೇಣು ಆಳದಲ್ಲಿ ತೆಳ್ಳನೆಯ ಬೆಳ್ಳಿ ಬಿಲ್ಲೆ, ಒಂದು ಅಂಚು ಮೇಲಕ್ಕೆ, ಒಂದು ಕೆಳಕ್ಕೆ.

ನೆವಿಲ್ ಅದನ್ನು ಹೆಬ್ಬೆರಳಿನಿಂದ ಉಜ್ಜಿದ! ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಪುಟ್ಟ ಹುಡುಗರ ಹಾಗೆ ಗಸಗಸ ಉಜ್ಜಿ ಆ ಅಕ್ಷರ ಹುಡುಕಿದ. ಏನೂ ಇರಲಿಲ್ಲ. ಆಮೇಲೆ ಜೇಬಿನಿಂದ ಅಳತೆಗೆಂದು ಇಟ್ಟುಕೊಂಡಿದ್ದ ವಿಕ್ಟೋರಿಯಾ ಕಾಲದ ಆರು ಪೆನ್ನಿ ತೆಗೆದು ಅದರ ಮೇಲಿಟ್ಟ. ಬಗ್ಗಿದ್ದರೂ ಕೆಳಗಿನದರ ಅಂಚು ಆಚೆಗೆ ಚಾಚಿತ್ತು.

"ಇದು ಅದಲ್ಲ," ಎಂದ. "ಅಗಲ ಜಾಸ್ತಿ, ತೆಳ್ಳಗಿದೆ. ಮೂರನೇ ವಿಲಿಯಂ ಕಾಲದ್ದು. ಮುನ್ನೂರು ವರ್ಷ ಹಳೇದು."

ಬೇರೆಯವರಿಗೆ ಸಿಕ್ಕಿದ್ದರೆ ಕುಣಿಯುತ್ತಿದ್ದರು. ಅವನು ನೇಗಿಲ ಸಾಲಿನಲ್ಲೇ ಕುಸಿದು ಕುಳಿತ.

"ಅವಳಿಗೆ ಅಗಲ ಉದ್ದ ಎಲ್ಲಿ ಗೊತ್ತಾಗುತ್ತೆ? ಅದೇ ಅಂತ ಹೇಳಿಬಿಡು," ಎಂದೆ. ಅವನು ನನ್ನ ಮುಖ ನೋಡಿದ. ಬಿಲ್ಲೆಯನ್ನು ಜೇಬಿಗಿಟ್ಟುಕೊಂಡು ಮನೆಯ ಕಡೆ ಹೊರಟ.

ಡೋರೀನ್ ದಿಂಬಿಗೆ ಒರಗಿದ್ದಳು. ನೆವಿಲ್ ಬಿಲ್ಲೆಯನ್ನು ಅವಳ ಅಂಗೈಗಿಟ್ಟ. "ಸಿಕ್ತು ಕಣೇ. ನಿಂದೇ."

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಸುಳ್ಳು ಹೇಳೋಕೆ ನಿನಗೆ ಯಾವಾಗ ಬಂತು?" ಎಂದಳು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಿತ್ತು. "ನಂದು ಹೊಲದಲ್ಲಿ ಬಿದ್ದಿಲ್ಲ. ಸೇತುವೆ ಮೇಲಿಂದ ನದಿಗೆ ಎಸೆದೆ. ಆವತ್ತು ನಿಮ್ಮಮ್ಮ ನನ್ನ ಅಡುಗೆ ಆಡ್ಕೊಂಡಾಗ ನೀನು ಬಾಯಲ್ಲಿ ಕಡುಬಿಟ್ಟುಕೊಂಡವನ ಹಾಗೆ ಕೂತಿದ್ದೆ."

ನೆವಿಲ್‌ನ ಕೈಯಿಂದ ಟೊಪ್ಪಿಗೆ ಜಾರಿತು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಮೊದಮೊದಲು ಹೆದರಿಕೆ. ಆಮೇಲೆ ಚಳೀಲಿ, ಮಳೇಲಿ ಹೋಗ್ತಿದ್ದೆ ನೀನು, ನನಗೋಸ್ಕರ. ಕಿಟಕೀಲಿ ನಿಂತು ನೋಡ್ತಿದ್ದೆ. ಹೇಳಿದ್ರೆ ಅದು ನಿಂತುಹೋಗ್ತಿತ್ತು."

ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು, ಜೊತೆಗೆ ಅಳುವೂ ಬಂತು. ಎಷ್ಟು ಶನಿವಾರ ಮಣ್ಣುಪಾಲಾಯಿತು, ದೇವರೇ!

ನೆವಿಲ್ ಬಗ್ಗಿ ಟೊಪ್ಪಿಗೆ ಎತ್ತಿಕೊಂಡು, "ಸೇತುವೆಯ ಯಾವ ಕಡೆಗೆ ಎಸೆದೆ?" ಎಂದು ಕೇಳಿದ.

ಡೋರೀನ್ ನಕ್ಕಳು, ಕೆಮ್ಮಿದಳು. "ಬೂಟು ಬಿಚ್ಚು. ಇಲ್ಲಿ ಕೂತ್ಕೋ."

ಅವನು ಬೂಟು ಬಿಚ್ಚಿ ಮಂಚದ ಪಕ್ಕ ಕುಳಿತ. ಗುರುವಾರದವರೆಗೆ ಅಲ್ಲಿಂದ ಹೆಚ್ಚು ಏಳಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಸೇರಿಸಿಕೊಂಡ ಹುಡುಗಿ ಹಾಳೆ ಹಿಡಿದು ಬಂದಳು. ರೋಗಿ ಜೊತೆಗೆ ತಂದ ಸಾಮಾನಿನ ಪಟ್ಟಿ ಮಾಡಬೇಕಿತ್ತು. ಡೋರೀನ್ ಮುಷ್ಟಿ ಬಿಡಿಸಿ ಬಿಲ್ಲೆ ತೋರಿಸಿದಳು.

"ಇದೇನಿದು? ಏನಂತ ಬರ್ಕೊಳ್ಳಲಿ?"

ನೆವಿಲ್ ಕನ್ನಡಕವನ್ನು ಹಣೆಗೇರಿಸಲಿಲ್ಲ, ದೀಪಕ್ಕೆ ಹಿಡಿಯಲೂ ಇಲ್ಲ.

"ನಾನು ಅವಳಿಗೆ ಕೊಟ್ಟಿದ್ದು ಅಂತ ಬರ್ಕೊಳ್ಳಮ್ಮ," ಎಂದ.