ಗೌರಿ ಗೇಟಿನ ಮುಂದೆ ನಿಂತ ಮಧ್ಯಾಹ್ನ

ಆಗೆಲ್ಲ ರಾಮಕೃಷ್ಣನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಬೇಸಿಗೆ ರಜದಲ್ಲಿ ಕುಂಟೆಬಿಲ್ಲೆ ಆಡಿ ದಣಿದರೆ ನಾನು ಓಡುತ್ತಿದ್ದದ್ದು ಪಕ್ಕದ ಮನೆಯ ವಿಮಲತ್ತೆಯ ಜಗಲಿಗೆ. ಸ್ವಂತ ಅತ್ತೆಯಲ್ಲ, ಬೀದಿಯ ಮಕ್ಕಳಿಗೆಲ್ಲ ಅತ್ತೆ. ಮನುಷ್ಯರೂ ಪ್ರಾಣಿಗಳೂ ಸದ್ದಿಲ್ಲದೆ ಮಾತಾಡಿಕೊಳ್ಳುವ ಬಗ್ಗೆ ಪುಸ್ತಕ ಬರೆದಿದ್ದರು. ದೊಡ್ಡವರು ಅದನ್ನು ಓದದೆಯೇ ನಗುತ್ತಿದ್ದರು. ನನಗೆ ಮಾತ್ರ ಅವರು ಕೊಡುವ ಹುರಿಗಡಲೆ-ಬೆಲ್ಲದಷ್ಟೇ ಅವರ ಮಾತೂ ರುಚಿ.

ಹಾಲಿನ ಸಿದ್ದಪ್ಪನವರ ಹಸು ಗೌರಿ ಆ ಸೈಟುಗಳಲ್ಲಿ ಮೇಯುತ್ತಿತ್ತು. ಅತ್ತೆ ಜಗಲಿಗೆ ಬಂದು ಕೂತರೆ ಸಾಕು, ಎಲ್ಲಿದ್ದರೂ ತಲೆಯೆತ್ತಿ ಅವರ ಗೇಟಿಗೆ ಬರುತ್ತಿತ್ತು. ಅವರು ಕರೆದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅದು ಹೇಗೆಂದು ವಿಚಾರಿಸಿದೆ.

“ಬಾಯಲ್ಲಿ ಕರೀಬೇಡ ಕಣೇ. ಮನಸ್ಸಲ್ಲಿ ಒಂದು ಚಿತ್ರ ಇಟ್ಕೊಂಡು ಸುಮ್ನೆ ಇದ್ಬುಡು.”

ನಾನು ಹಲಸಿನ ಸಿಪ್ಪೆಯನ್ನು ನೆನೆದು ಕೂತೆ. ಗೌರಿ ತಿರುಗಿಯೂ ನೋಡಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಅಂಗಳದಲ್ಲಿ ಬೂದುಗುಂಬಳದ ಸಂಡಿಗೆ ಇಡುತ್ತಿದ್ದಳು. ನಾನು ಕಾಗೆ ಓಡಿಸುತ್ತಿದ್ದೆ. ಗೌರಿ ಬಂದು ನಮ್ಮ ಗೇಟಿಗೆ ಹಣೆ ಆನಿಸಿ ನಿಂತಿತು. ನಮ್ಮ ಮನೆಗೆ ಎಂದೂ ಬಾರದ ಹಸು. ಬಾಲ ಆಡಿಸಲಿಲ್ಲ, ಕಣ್ಣಂಚಿನ ನೊಣವನ್ನೂ ಓಡಿಸಲಿಲ್ಲ. ನನ್ನನ್ನೇ ನೋಡಿತು. ನನ್ನ ಮನಸ್ಸಲ್ಲಿ ಒಂದು ಚಿತ್ರ ಮೂಡಿತು. ಅತ್ತೆಯ ಹಿತ್ತಲಿನ ಒಗೆಯುವ ಕಲ್ಲು, ಸುರಿಯುತ್ತಿರುವ ನಲ್ಲಿ, ಕಲ್ಲಿನ ಪಕ್ಕ ಎರಡು ಪಾದಗಳು. ನಾನೇ ಕಂಡದ್ದೋ, ಯಾರೋ ತೋರಿಸಿದ್ದೋ, ಇಂದಿಗೂ ತಿಳಿಯದು.

“ಅಮ್ಮ, ಅತ್ತೆ ಹಿತ್ತಲಲ್ಲಿ ಬಿದ್ದೋಗಿದಾರೆ.”

ಅಮ್ಮ ಗದರಲು ಹೋದವಳು ನನ್ನ ಮುಖ ನೋಡಿ ಎದ್ದು ಓಡಿದಳು. ಅತ್ತೆ ಕಲ್ಲಿನ ಪಕ್ಕದಲ್ಲೇ ಬಿದ್ದಿದ್ದರು. ನಲ್ಲಿ ಸುರಿಯುತ್ತಲೇ ಇತ್ತು. ಆ ಹಿತ್ತಲಿಗೆ ಸುತ್ತಲೂ ಎತ್ತರದ ಗೋಡೆ. ನನಗಿರಲಿ, ಹಸುವಿಗೂ ಒಳಗಿನದು ಕಾಣುವಂತಿರಲಿಲ್ಲ.

ಜೀವ ಉಳಿಯಿತು. ಲಕ್ವ ಹೊಡೆದು ಮಾತು ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮನೂ ನಾನೂ ನೋಡಲು ಹೋದೆವು. ಅತ್ತೆ ಏನೋ ಬೇಕೆಂದು ಒದ್ದಾಡುತ್ತಿದ್ದರು. ಅವರ ತಂಗಿ ನೀರು, ಕಾಫಿ, ಹೊದಿಕೆ ಎಲ್ಲ ತೋರಿಸಿ ಸೋತಿದ್ದರು. ಅತ್ತೆ ನನ್ನತ್ತ ನೋಡಿದರು. ನಾನು ಎದ್ದು ಹೋಗಿ ಮುಚ್ಚಿದ್ದ ಕಿಟಕಿ ತೆರೆದೆ. ಹೊರಗೆ ಸರಳಿಗೆ ಮೂತಿ ಒತ್ತಿಕೊಂಡು ಗೌರಿ ನಿಂತಿತ್ತು. ಅತ್ತೆಯ ಒದ್ದಾಟ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಇದ್ದುಬಿಟ್ಟರು. ಕೋಣೆಯಲ್ಲಿ ಮಾತು ನಡೆಯುತ್ತಿದೆ, ಅಮ್ಮನಿಗೂ ಆ ತಂಗಿಗೂ ಮಾತ್ರ ಕೇಳುತ್ತಿಲ್ಲ ಅನ್ನಿಸಿತು.

“ಕಿಟಕಿ ತೆಗಿ ಅಂತ ನಿಂಗೆ ಯಾರೇ ಹೇಳಿದ್ದು?” ಮನೆಗೆ ಬಂದ ಮೇಲೆ ಅಮ್ಮ ನನ್ನ ರಟ್ಟೆ ಹಿಡಿದು ಕೇಳಿದಳು.

ಮಾರನೆಯ ದಿನವೇ ನನ್ನ ತೋಳಿಗೆ ತಾಯತ ಬಿತ್ತು. ಆ ಮನೆಯ ಕಡೆ ಹೋಗಕೂಡದೆಂದಾಯಿತು. ಸ್ವಲ್ಪ ಕಾಲ ಗೌರಿ ಎದುರಾದಾಗಲೆಲ್ಲ ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮಳೆಗಾಲದ ಹೊತ್ತಿಗೆ ಅದರ ಅಗತ್ಯವೂ ಉಳಿಯಲಿಲ್ಲ, ಹಸು ಬರೀ ಹಸುವಾಗಿತ್ತು. ದಸರೆಗೆ ಮೊದಲೇ ಅತ್ತೆ ತೀರಿಕೊಂಡರು. ಆ ಬೆಳಿಗ್ಗೆ ನನಗೆ ಏನೂ ಅನ್ನಿಸಿರಲಿಲ್ಲ. ಅಮ್ಮ ಬಂದು ಹೇಳಬೇಕಾಯಿತು.

ಈಗ ಎಲ್ಲವನ್ನೂ ನನಗೆ ಬಾಯಿಬಿಟ್ಟೇ ಹೇಳಬೇಕು. ಸಂಜೆ ಮಗಳು ಸ್ಕೂಲಿನಿಂದ ಬಂದು ಮಂಕಾಗಿ ಕೂತರೆ, ಎದುರಿಗೆ ಕೂತು ಅವಳ ಕಣ್ಣನ್ನೇ ನೋಡುತ್ತೇನೆ. ಏನೂ ತಿಳಿಯುವುದಿಲ್ಲ. ಕೊನೆಗೆ ಏನಾಯಿತೆಂದು ಕೇಳುತ್ತೇನೆ.

“ಏನಿಲ್ಲಮ್ಮ” ಅನ್ನುತ್ತಾಳೆ.